ಗಡಿಗೆಯೊಳಗಿನ ಕೂಸು

ಮೈಲಾರಿ ಮಾಸ್ತರರ ಹೆಬ್ಬೆರಳು ಜೀವ ಬಿಟ್ಟು ಎರಡು ವರ್ಷವಾಗಿತ್ತು. ಸಕ್ಕರೆ ಕಾಯಿಲೆ ಮೊದಲು ಅಂಗಾಲಿಗೆ ಬಂದು ಕೂತಿತು. ಅಲ್ಲಿಂದ ಹೇಳದೆ ಕೇಳದೆ ಕೈಗೆ ಏರಿತು. ಚಹಾದ ಲೋಟ ಹಿಡಿದರೆ ಬಿಸಿ ಗೊತ್ತಾಗುತ್ತಿರಲಿಲ್ಲ. ಅಂಗಿಯ ಗುಂಡಿ ಹಾಕಿಕೊಳ್ಳಲು ಕನ್ನಡಿ ಬೇಕಾಗುತ್ತಿತ್ತು. ಬೇರೆಯವರಾದರೆ ವಯಸ್ಸಾಯಿತು ಎಂದು ಸುಮ್ಮನಾಗಬಹುದಿತ್ತು. ಆದರೆ ಮಾಸ್ತರರು ಇಷ್ಟು ಕಾಲ ಅನ್ನ ಉಂಡದ್ದೇ ಆ ಹೆಬ್ಬೆರಳಿನಿಂದ.

ಕಾಲೇಜಿನ ಹಲಗೆಯ ಮೇಲೆ ಪ್ರೊಫೆಸರ್ ಎಂದು ಬರೆದಿದೆ. ಪುರಾತತ್ವ ಅವರ ವಿಷಯ. ಅದರಲ್ಲೂ ರಾಜರು, ಶಾಸನ, ಗುಡಿ ಇವೆಲ್ಲ ಹುಟ್ಟುವುದಕ್ಕೂ ಮುಂಚೆ ನಮ್ಮ ಈ ಎರೆಸೀಮೆಯಲ್ಲಿ ದನ ಕಾಯ್ದು, ಕಲ್ಲು ಮಸೆದು, ಗಡಿಗೆ ಸುಟ್ಟು ಬಾಳಿದ ಮೊದಲ ಜನರ ವಿಷಯ. ಆದರೆ ಗಜೇಂದ್ರಗಡದಿಂದ ನರಗುಂದದವರೆಗೆ ಅವರನ್ನು ಪ್ರೊಫೆಸರ್ ಎಂದು ಕರೆದವರನ್ನು ನಾನು ಕೇಳಿಲ್ಲ. ಎಲ್ಲರಿಗೂ ಅವರು ಮಾಸ್ತರರು.

ಹುಟ್ಟಿದ್ದು ಶಿರೋಳದ ಕುರಿ ಕಾಯುವವರ ಮನೆಯಲ್ಲಿ. ಸಣ್ಣವರಿದ್ದಾಗ ಹೊಲದ ಬದುವಿನಲ್ಲಿ ಒಂದು ನುಣುಪು ಕಲ್ಲು ಸಿಕ್ಕಿತಂತೆ. ಅಪ್ಪ ಅದನ್ನು ಸಿಡಿಲಿನ ಕಲ್ಲು ಎಂದು ಗುಡಿಯ ಕಟ್ಟೆಯ ಮೇಲಿಟ್ಟು ಕೈಮುಗಿದ. ಮಗ ಯಾರೂ ಇಲ್ಲದಾಗ ಎತ್ತಿಕೊಂಡು ಸಾಲಿಗೆ ಒಯ್ದ. ಸಾಲಿಯ ಗುರುಗಳೂ ಸಿಡಿಲಿನ ಕಲ್ಲೇ ಎಂದರು. "ಇಲ್ರಿ, ಇದನ್ನ ಯಾರೋ ಮಸದಾರ್ರಿ" ಎಂದು ಹುಡುಗ ಅದರ ಹರಿತ ಬಾಯಿಯ ಮೇಲೆ ಹೆಬ್ಬೆರಳು ಆಡಿಸಿ ತೋರಿಸಿದ. ಎದುರು ಮಾತಾಡಿದ್ದಕ್ಕೆ ಎರಡು ಬಿದ್ದವು. ಕಲ್ಲು ಮಾತ್ರ ನಿಜವಾಗಿಯೂ ಮಸೆದ ಕೊಡಲಿಯೇ ಆಗಿತ್ತು.

ಆ ಹೆಬ್ಬೆರಳು ಆಮೇಲೆ ದೊಡ್ಡ ಹೆಸರು ಮಾಡಿತು. ಒಡೆದ ಗಡಿಗೆಯ ಒಂದು ಬೋಕಿಚೂರು ಕೈಗೆ ಕೊಟ್ಟರೆ ಮಾಸ್ತರರು ಕಣ್ಣು ಮುಚ್ಚಿ ಒಳಮೈ ಸವರುವರು. ಕೈಯಲ್ಲಿ ತಟ್ಟಿದ್ದೋ ಕುಂಬಾರನ ತಿಗರಿಯ ಮೇಲೆ ತಿರುಗಿಸಿದ್ದೋ, ಯಾವ ಕಾಲದ್ದು, ಎಲ್ಲ ಹೇಳುವರು. ವಿದ್ಯಾರ್ಥಿಗಳು ಒಮ್ಮೆ ಅವರ ಕಣ್ಣಿಗೆ ಟವೆಲ್ ಕಟ್ಟಿ, ನಡುವೆ ಒಂದು ಹೆಂಚಿನ ತುಂಡು ಸೇರಿಸಿ ಕೊಟ್ಟರು. ಮಾಸ್ತರರು ಸವರಿ ಅದನ್ನು ದೂರ ಎಸೆದು, "ಇದು ನಿಮ್ಮಪ್ಪನ ಮನೀ ಮ್ಯಾಲಿಂದ. ಮಳಿಗಾಲಕ್ಕ ಸೋರತೈತಿ, ಒಯ್ದ ಹಚ್ರಿ" ಎಂದರು.

ಬೆರಳು ಜೋಮು ಹಿಡಿದದ್ದನ್ನು ಅವರು ಯಾರಿಗೂ ಹೇಳಲಿಲ್ಲ. ಚೂರುಗಳನ್ನು ಸವರುವಂತೆ ನಟಿಸಿ, ವಿದ್ಯಾರ್ಥಿಗಳು ಏನು ಹೇಳಿದರೋ ಅದಕ್ಕೇ ತಲೆಯಾಡಿಸತೊಡಗಿದರು. ಕ್ರಮೇಣ ಮನಸ್ಸೂ ಬೆರಳಿನ ಹಾದಿ ಹಿಡಿಯಿತು. ಹಳೆಯ ಮನೆಯ ನೆಲ ಸಿಕ್ಕರೂ ಅಷ್ಟೇ, ಬರೀ ಮಣ್ಣು ಸಿಕ್ಕರೂ ಅಷ್ಟೇ. ಗಜೇಂದ್ರಗಡದ ಮನೆಯಲ್ಲಿ ಹೆಂಡತಿ ಮಹೇಶ್ವರಿ ಬೈದೂ ನೋಡಿದರು.

"ಸಕ್ಕರಿ ಇದ್ದವ್ರಿಗೆ ಸಿಟ್ಟರ ಬರತೈತಿ ಅಂತಾರ. ನಿಮಗ ಅದೂ ಇಲ್ಲ. ಸಾರಿಗೆ ಉಪ್ಪ ಹಾಕಿಲ್ಲ, ಉಂಡ ಎದ್ರಿ."

"ಹಾಕಿಲ್ಲೇನ?" ಎಂದರು ಮಾಸ್ತರರು. ಅಷ್ಟೇ.

ನಿವೃತ್ತಿಗೆ ಮುಂಚಿನ ಕೊನೆಯ ಅಗೆತ ಅಬ್ಬಿಗೇರಿಯ ಹೊರಗೆ ಕಳಕವ್ವನ ಹೊಲದಲ್ಲಿ ಆಯಿತು. ಹೊಲದ ಮೂಲೆಯಲ್ಲಿ ಒಂದು ಸಣ್ಣ ದಿಬ್ಬ. ನೇಗಿಲು ಹಾಯಿಸಿದಾಗಲೆಲ್ಲ ಬೋಕಿಚೂರು ಏಳುತ್ತಿದ್ದವು. ಕಡಲೆ ಕಿತ್ತು ಹೊಲ ಖಾಲಿಯಾದ ಮೇಲೆ, ಅರವತ್ತು ದಾಟಿದ ಕಳಕವ್ವ ಒಂದೇ ಮಾತಿಗೆ ಒಪ್ಪಿಕೊಂಡಳು. "ಅಗೀರಿ. ಬಂಗಾರ ಸಿಕ್ರ ನನಗ, ಬೋಕಿ ಸಿಕ್ರ ನಿಮಗ." ಗಂಡ ತೀರಿಕೊಂಡಿದ್ದ. ಗಂಡನ ಅಣ್ಣ ಮಾಳಿಂಗರಾಯಜ್ಜ ಮನೆಯ ಹಿರಿಯ. ಅವನು ಕಣ್ಣಿನ ಆಪರೇಶನ್ನಿಗೆಂದು ರೋಣದಲ್ಲಿ ಮಗಳ ಮನೆಗೆ ಹೋಗಿದ್ದ.

ಅಗೆತದ ಉಸ್ತುವಾರಿ ರೂಪಾಳದು. ಗಜೇಂದ್ರಗಡದ ನೇಕಾರರ ಮನೆಯ ಹುಡುಗಿ. ಮಾಸ್ತರರ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದಳು. ಆ ಮೊದಲ ಜನ ತಮ್ಮ ಸತ್ತ ಎಳೆಗೂಸುಗಳನ್ನು ಗಡಿಗೆಯಲ್ಲಿಟ್ಟು ಮನೆಯ ಹತ್ತಿರವೇ ಹೂಳುತ್ತಿದ್ದರು. ಅದೇ ಅವಳ ಅಧ್ಯಯನದ ವಿಷಯ. ಆದರೆ ಅಂಥ ಒಂದು ಗಡಿಗೆಯನ್ನೂ ಅವಳು ಸ್ವಂತ ಕೈಯಿಂದ ತೆಗೆದಿರಲಿಲ್ಲ.

ಸಿಕ್ಕಿತು. ಸೊಂಟದುದ್ದ ಆಳದಲ್ಲಿ, ಒಳಗೆ ಕಪ್ಪು ಹೊರಗೆ ಕೆಂಪು ಬಣ್ಣದ ಹೊಟ್ಟೆ ದಪ್ಪದ ಗಡಿಗೆ, ಬಾಯಿಗೆ ಒಂದು ಚಪ್ಪಡಿ. ಚಪ್ಪಡಿ ಸರಿಸಿದರೆ ಹೆಪ್ಪುಗಟ್ಟಿದ ಮಣ್ಣಿನಲ್ಲಿ ಹಕ್ಕಿಯವುಗಳಂಥ ಸಣ್ಣ ಪಕ್ಕೆಲುಬುಗಳು.

"ಸರ! ಸರ, ಬರ್ರಿ ಇಲ್ಲೆ!" ರೂಪಾ ಚೀರಿದಳು. ಮಣ್ಣು ಜರಡಿ ಹಿಡಿಯಲು ಬಂದಿದ್ದ ಕೂಲಿ ಹೆಂಗಸು ಹಸನಬಿ, "ಏ ತಂಗಿ, ಕೂಸಿನ್ನ ಎಬ್ಬಸಬ್ಯಾಡ, ಸಾವಕಾಶ ಕೂಗು" ಎಂದಳು. ಎಲ್ಲರೂ ನಕ್ಕರು.

ಇಲ್ಲಿ ಎರೆಮಣ್ಣಿನ ಗುಣ ಹೇಳಬೇಕು. ಬೇಸಿಗೆಯಲ್ಲಿ ಅದು ಮಾರುದ್ದ ಬಿರಿಯುತ್ತದೆ, ಮಳೆಗೆ ಮತ್ತೆ ಕೂಡಿಕೊಳ್ಳುತ್ತದೆ. ಮೇಲಿನ ಮಣ್ಣು ಕೆಳಗೆ, ಕೆಳಗಿನದು ಮೇಲೆ. ಅದರಲ್ಲಿ ತೋಡಿ ಮುಚ್ಚಿದ ಕುಣಿಯ ಅಂಚು ಕೆಲವು ವರ್ಷಗಳಲ್ಲಿ ಬರಿಗಣ್ಣಿಗೆ ಕಾಣದಷ್ಟು ಮಸುಕಾಗುತ್ತದೆ. ಆದ್ದರಿಂದ ಅಗೆದ ಗುಂಡಿಯ ಗೋಡೆಗೆ ನೀರು ಚಿಮುಕಿಸಿ, ಕುರ್ಪಿಯಿಂದ ನಯವಾಗಿ ಕೆರೆದು, ನಂತರ ಬಂದವರು ಯಾರಾದರೂ ಮೇಲಿನಿಂದ ತೋಡಿದ್ದಾರೆಯೇ ಎಂದು ನೋಡಿಯೇ ಮುಂದಕ್ಕೆ ಹೋಗಬೇಕು. ಮಾಸ್ತರರು ಇದನ್ನು ಪ್ರತಿ ವರ್ಷ ಹೇಳಿಕೊಟ್ಟವರು. ಮಾಡದ ಹುಡುಗರನ್ನು ಊಟಕ್ಕೆ ಬಿಡದೆ ಬಿಸಿಲಲ್ಲಿ ಕೆರೆಸಿದವರು. ಆ ದಿನ ರೂಪಾ, "ಗೋಡಿ ನೋಡೂನೇನ್ರಿ ಸರ?" ಎಂದು ಕೇಳಿದಳು. ಮಾಸ್ತರರು ಗುಂಡಿಯ ದಂಡೆಯ ಮೇಲೆ ಕುಳಿತಿದ್ದರು. ಇಳಿಯಬೇಕು, ಮತ್ತೆ ಹತ್ತಬೇಕು. "ಗಡಿಗೀನ ಹೇಳತೈತಲ್ಲ" ಎಂದರು. ಗಡಿಗೆಯ ಕಾಲವೇ ಕೂಸಿನ ಕಾಲ ಎಂದಾಯಿತು.

ಮರುದಿನದ ಪೇಪರಿನಲ್ಲಿ ದೊಡ್ಡದಾಗಿ ಬಂತು. ಅಬ್ಬಿಗೇರಿಯಲ್ಲಿ ಸಾವಿರಾರು ವರ್ಷಗಳ ಹಿಂದಿನ ಮಗು. ನರಗುಂದದಿಂದ, ರೋಣದಿಂದ ಜನ ಮೋಟರ್‌ಸೈಕಲ್ಲಿನಲ್ಲಿ ಬಂದು ನೋಡಿಹೋದರು. ಹೊಲದ ದಂಡೆಗೆ ತಗಡಿನ ಶೆಡ್ಡು ಹಾಕಿಕೊಂಡಿದ್ದರು. ಅದರೊಳಗೆ ಎಲುಬುಗಳನ್ನು ಒಂದೊಂದಾಗಿ ತೆಗೆದು ಹತ್ತಿಯ ಮೇಲೆ ಜೋಡಿಸಿ ರಟ್ಟಿನ ಪೆಟ್ಟಿಗೆಯಲ್ಲಿ ಇಟ್ಟರು. ಸೋಮವಾರ ಆ ಪೆಟ್ಟಿಗೆ ದೂರದ ಪ್ರಯೋಗಶಾಲೆಗೆ ಹೋಗುವುದಿತ್ತು. ಅಲ್ಲಿ ಕಿವಿಯ ಹತ್ತಿರದ ಗಟ್ಟಿ ಎಲುಬನ್ನು ಕೊರೆದು ಪುಡಿ ಮಾಡಿ, ಆ ಜನ ಯಾರು, ಎಲ್ಲಿಂದ ಬಂದವರು ಎಂದು ನೋಡುತ್ತಾರೆ.

ಕಳಕವ್ವ ದಿನಾ ಮಧ್ಯಾಹ್ನ ರೊಟ್ಟಿ ಬುಟ್ಟಿ ಹೊತ್ತು ಬರುತ್ತಿದ್ದಳು. ಹುಡುಗರಿಗೆ ರೊಟ್ಟಿ, ಶೇಂಗಾ ಚಟ್ನಿ ಹಂಚಿ, ಪೆಟ್ಟಿಗೆಯ ಮುಂದೆ ಕುಕ್ಕುರುಗಾಲಲ್ಲಿ ಕೂರುವಳು.

"ಯಾರ ಮನೀದೋ ಏನೋ. ಇದರವ್ವ ಜಾಣಿ ನೋಡ್ರಿ, ಎಂಥಾ ಚಂದ ಗಡಿಗ್ಯಾಗ ಇಟ್ಟಾಳ. ನಮ್ಮ ಮಂದಿ ಇಷ್ಟ ಚಂದ ಇಡೂದಿಲ್ರಿ."

"ನಿಮ್ಮ ಮಂದೀನೂ ಗಡಿಗ್ಯಾಗ ಇಡ್ತಾರೇನ್ರಿ ಅಕ್ಕಾರ?" ರೂಪಾ ತನ್ನ ಅಧ್ಯಯನಕ್ಕೆಂದು ಕೇಳಿದಳು.

"ಹೆಸರ ಇಡೂಕಿಂತ ಮೊದಲ ಹೋದ ಕೂಸಿಗೆ ಹಂಗನ. ಗಂಡಸರ ಒಯ್ದ ಇಟ್ಟ ಬರತಾರ. ಎಲ್ಲಿ ಇಟ್ರು ಅಂತ ತಾಯಿಗೆ ಹೇಳೂದಿಲ್ಲ. ಹೇಳಿದ್ರ ಅಕಿ ಅಲ್ಲೆ ಹೋಗಿ ಕುಂಡ್ರತಾಳ, ಮುಂದಿನ ಕೂಸ ನಿಲ್ಲೂದಿಲ್ಲ ಅಂತಾರ." ಕಳಕವ್ವ ಸೆರಗಿನಿಂದ ಪೆಟ್ಟಿಗೆಯ ಮೇಲಿನ ನೊಣ ಹೊಡೆದಳು. "ನಂದೂ ಒಂದ ಹೋತು. ಮದಲನೇದು. ಹೆಣ್ಣು. ಐದ್ ದಿನ ಇತ್ತು. ಎಲ್ಲಿ ಐತೋ ನನಗ ಗೊತ್ತಿಲ್ಲ. ನೀ ಎರಡ ರೊಟ್ಟಿ ತಿನ್ನವಾ, ಕಡ್ಡಿ ಆಗೀದಿ."

ಶನಿವಾರ ಮುಂಜಾನೆ ರೂಪಾ ಪೆಟ್ಟಿಗೆ ಕಟ್ಟುವ ಮುಂಚೆ ಎಲ್ಲವನ್ನೂ ಮಾಸ್ತರರ ಮುಂದೆ ಸಾಲಾಗಿ ಇಟ್ಟಳು. ಗಡಿಗೆಯೊಳಗಿನ ಮಣ್ಣನ್ನು ಜರಡಿ ಹಿಡಿದಾಗ ಹಸನಬಿಗೆ ಒಂದು ತುಕ್ಕಿನ ಗಂಟು ಸಿಕ್ಕಿತ್ತು. ರೂಪಾ ಅದರ ಚೀಲದ ಮೇಲೆ ಕಬ್ಬಿಣದ ಸೂಜಿ ಎಂದು ಬರೆದಿದ್ದಳು. ಆ ಮೊದಲ ಜನರಲ್ಲಿ ಕಡೆಯವರಿಗೆ, ಇಂಥ ಗಡಿಗೆ ಮಾಡಿದವರಿಗೆ, ಕಬ್ಬಿಣ ಗೊತ್ತಿತ್ತು. ಅದರಲ್ಲಿ ತಪ್ಪೇನೂ ಕಾಣುತ್ತಿರಲಿಲ್ಲ. ಬೆರಳಿಗೆ ಜೀವವಿದ್ದ ಕಾಲದಲ್ಲಾಗಿದ್ದರೆ ಮಾಸ್ತರರು ಒಂದು ಸಲ ಹೊರಳಿಸಿ ತಿಳಿದುಕೊಳ್ಳುತ್ತಿದ್ದರು. ಈಗ ಅದು ಕೈಯಿಂದ ಜಾರಿ ನೆಲಕ್ಕೆ ಬಿತ್ತು. ತುಕ್ಕಿನ ಪದರ ಒಡೆದು ಎರಡಾಯಿತು. ರೂಪಾ ಎತ್ತಿಕೊಟ್ಟಳು. ಮಾಸ್ತರರು ಭೂತಗಾಜು ಹಿಡಿದು ನೋಡಿದರು.

ಕೊನೆಯಲ್ಲಿ ತಂತಿ ಒಂದು ಸುತ್ತು ಸುತ್ತಿಕೊಂಡು ಹಿಂದಿರುಗಿತ್ತು. ಇನ್ನೊಂದು ಕೊನೆಗೆ ತಗಡಿನ ಸಣ್ಣ ಟೊಪ್ಪಿಗೆ. ಎಳೆಗೂಸಿನ ಅಂಗಿಗೆ ಕೆಟ್ಟ ಕಣ್ಣು ತಾಗದಿರಲೆಂದು ಚುಚ್ಚುವ ಸೇಫ್ಟಿ ಪಿನ್ನು. ಗಜೇಂದ್ರಗಡದ ಬಸ್‌ಸ್ಟ್ಯಾಂಡಿನಲ್ಲಿ ಈಗಲೂ ಹಾಳೆಗೆ ಚುಚ್ಚಿ ಮಾರುತ್ತಾರೆ.

ಮಾಸ್ತರರು ಗಾಜನ್ನು ರೂಪಾಳ ಕೈಗೆ ಕೊಟ್ಟರು. ಅವಳು ಬಹಳ ಹೊತ್ತು ನೋಡಿದಳು.

"ಗಡಿಗಿ ಹಳೇದ ಐತ್ರಿ ಸರ."

"ಗಡಿಗಿ ಹಳೇದು."

"ಮತ್ತ?"

"ಹಳೇ ಗಡಿಗ್ಯಾಗ ಯಾರೋ ಹೊಸಾ ಕೂಸ ಇಟ್ಟಾರ."

ಯಾರೋ ಎಂದು ಹೇಳಿದರೂ ಇಬ್ಬರ ಕಣ್ಣೂ ಹಿಂದಿನ ದಿನ ಕಳಕವ್ವ ಬಿಟ್ಟುಹೋದ ರೊಟ್ಟಿಯ ಖಾಲಿ ಬುಟ್ಟಿಯ ಕಡೆಗೆ ಹೋಯಿತು. ಮಾಸ್ತರರು ಆಮೇಲೆ ನನ್ನೊಡನೆ ಹೇಳಿದ್ದು: ಆಗ ತಮಗೆ ನಾಚಿಕೆಯಾಗಬೇಕಿತ್ತು, ಇಲ್ಲವೆ ಹೆದರಿಕೆ, ಎರಡೂ ಆಗಲಿಲ್ಲ. ಚಳಿಗೆ ಮರಗಟ್ಟಿದ ಕಾಲನ್ನು ಎಳೆದುಕೊಂಡು ನಡೆದಂತೆ ಎದ್ದು ಊರೊಳಗೆ ಹೋದರು.

ಮಾಳಿಂಗರಾಯಜ್ಜ ಆ ಮುಂಜಾನೆಯಷ್ಟೇ ರೋಣದಿಂದ ಬಂದಿದ್ದ. ಕಪ್ಪು ಕನ್ನಡಕ ಹಾಕಿಕೊಂಡು ಕಟ್ಟೆಯ ಮೇಲೆ ಕುಳಿತಿದ್ದ. ಕಳಕವ್ವ ಹಿತ್ತಲಲ್ಲಿದ್ದಳು.

"ಅಜ್ಜಾರ, ದಿಬ್ಬದ ಮೂಲ್ಯಾಗ ನೀವು ಎಂದರ ಕೂಸ ಇಟ್ಟಿದ್ರೇನ್ರಿ?"

ಅಜ್ಜ ಕನ್ನಡಕ ತೆಗೆಯಲು ಹೋಗಿ, ಡಾಕ್ಟರ ಮಾತು ನೆನಪಾಗಿ ಬಿಟ್ಟ. "ಇಟ್ಟಿದ್ವಿ. ಕಳಕವ್ವನ ಹಸೀ ಕೂಸು. ಅವತ್ತ ಗಡಿಗಿ ತರಾಕ ಕುಂಬಾರ ಮನಿಗೆ ಹೋದ್ರ ಅಂವ ಸಂತಿಗೆ ಹೋಗಿದ್ದ. ಹೊಲದಾಗ ರಂಟಿ ಹೊಡಿಯೂವಾಗ ಒಂದ ಎದ್ದಿತ್ತು. ಬಾಯಿ ಸ್ವಲ್ಪ ಒಡದಿತ್ತು, ಮೈಯೆಲ್ಲಾ ಚಲೋ ಇತ್ತು. ಅದನ್ನ ತೊಳದ ಇಟ್ವಿ. ಬನ್ನಿ ಗಿಡದ ಬುಡಕ. ಗಿಡ ಈಗಿಲ್ಲ." ಮಾಸ್ತರರ ಕಡೆ ತಿರುಗಿ, "ಪೇಪರಿನ್ಯಾಗ ಬಂದದ್ದು ಅದ ಏನ್ರಿ?" ಎಂದ.

"ಅದನ."

"ಅಕಿಗೆ ಹೇಳಬ್ಯಾಡ್ರಿ. ಒಯ್ಯೂದಿದ್ರ ಒಯ್ದಬಿಡ್ರಿ. ಅಕಿಗೆ ಗೊತ್ತಿಲ್ಲದ್ದ ಗೊತ್ತಿಲ್ಲದಂಗ ಇರಲಿ."

ಅಲ್ಲಿಂದ ಬರುವಾಗ ಶೆಡ್ಡಿನ ಬಾಗಿಲಲ್ಲಿ ರೂಪಾ ನಿಂತಿದ್ದಳು. ಅವಳೂ ಅದನ್ನೇ ಹೇಳಿದಳು, ಬೇರೆ ಮಾತಿನಲ್ಲಿ. "ಸರ, ಪಿನ್ನ ಮ್ಯಾಲಿನ ಮಣ್ಣಿನ್ಯಾಗಿಂದ ಬಿದ್ದಿರಬಹುದಲ್ರಿ? ಬಿರುಕಿನ್ಯಾಗ ಇಳದಿರಬಹುದು. ಲ್ಯಾಬಿನವ್ರ ಹೇಳಲಿ. ನಾವ್ಯಾಕ ಮೊದಲ ಹೇಳಬೇಕ್ರಿ?"

"ಲ್ಯಾಬಿನವ್ರ ಹೇಳತಾರ. ಪುಡಿ ಮಾಡಿದ ಮ್ಯಾಲ ಹೇಳತಾರ."

"ಧಾರವಾಡದ ಸೆಮಿನಾರ ಐತ್ರಿ ನಂದು. ಮೂರ ವರ್ಷ ಆತ್ರಿ ಸರ. ಎಲ್ಲಾರೂ ನಗತಾರ."

"ನಿನಗ ನಗೂದಿಲ್ಲ. ಗೋಡಿ ನೋಡೂನೇನು ಅಂತ ನೀ ಕೇಳಿದ್ದಿ, ಬ್ಯಾಡಂದಾಂವ ನಾ. ಹಂಗ ಬರೀತೀನಿ."

"ಅಕಿಗೆ ಹೇಳಿದ್ರ ಏನ ಬಂತ್ರಿ? ಆರಾಮ ಅದಾಳ. ದಿನಾ ಬಂದ ನಕ್ಕೋಂತ ಹೋಗತಾಳ."

ಕೂಸನ್ನು ಯಾರಿಗೂ ತಿಳಿಯದಂತೆ ತಿರುಗಿ ಹೂಳಬಹುದಿತ್ತು. ಅಜ್ಜನ ಮಾತೂ ಉಳಿಯುತ್ತಿತ್ತು. ಆದರೆ ದಿನಾ ಬಂದು ಕೂರುತ್ತಿದ್ದ ಹೆಂಗಸು ಸೋಮವಾರ ಬಂದು ಪೆಟ್ಟಿಗೆ ಎಲ್ಲಿ ಎಂದು ಕೇಳುವಳು. ಆಗ ಅವಳ ಮುಖ ನೋಡಿ ಹೇಳಲು ಒಂದು ಸುಳ್ಳು ಬೇಕು. ಆ ಸುಳ್ಳನ್ನು ಹುಡುಕಿಕೊಳ್ಳುವಷ್ಟು ಕಸುವೂ ತಮ್ಮಲ್ಲಿ ಇರಲಿಲ್ಲ ಎಂದು ಮಾಸ್ತರರು ಹೇಳುತ್ತಾರೆ. ಒಳ್ಳೆಯತನದಿಂದ ಹೇಳಿದೆ ಎಂದು ಅವರು ಯಾವತ್ತೂ ಅಂದಿಲ್ಲ.

ಮಧ್ಯಾಹ್ನ ಕಳಕವ್ವ ಬಂದಳು. ಹಿಂದೆ ಅಜ್ಜನೂ ಕೋಲೂರಿಕೊಂಡು ಬಂದ, ತಡೆಯಬೇಕೆಂದೋ ಏನೋ. ಅವಳು ರೊಟ್ಟಿ ಗಂಟು ಇಳಿಸಿ ಪೆಟ್ಟಿಗೆಯ ಮುಂದೆ ಕುಳಿತಳು.

"ಅಕ್ಕಾರ, ಈ ಕೂಸು ಆಗಿನ ಕಾಲದ್ದಲ್ರಿ" ಎಂದರು ಮಾಸ್ತರರು. "ಗಡಿಗಿ ಅಷ್ಟ ಹಳೇದು. ಕೂಸು ನಿಮ್ಮದು."

ಕಳಕವ್ವ ಮಾಸ್ತರರನ್ನು ನೋಡಲಿಲ್ಲ, ಅಜ್ಜನನ್ನು ನೋಡಿದಳು. ಅಜ್ಜ ಕೋಲಿನಿಂದ ನೆಲ ಗೀರಿದ. ಅಷ್ಟರಲ್ಲೇ ಅವಳಿಗೆ ತಿಳಿಯಿತು.

ಹಸನಬಿ ಓಡಿಬಂದು ಹಿಡಿದುಕೊಳ್ಳಲು ಹೋದಳು. ಹಿಡಿಯುವಂಥದ್ದೇನೂ ಆಗಲಿಲ್ಲ. ಕಳಕವ್ವ ಕುಳಿತಂತೆಯೇ ಕುಳಿತಿದ್ದಳು. ಹೊರಗೆ ಹುಡುಗರು ಗುದ್ದಲಿ ತೊಳೆಯುವ ಸಪ್ಪಳ ಕೇಳುತ್ತಿತ್ತು.

"ದಿನಾ ಬಂದ ನೋಡೀನಲ್ರಿ" ಎಂದಳು ಕೊನೆಗೆ. "ಒಂದ ದಿನಾನೂ ಹೊಟ್ಟಿ ಕರಕ್ ಅನ್ನಲಿಲ್ಲ. ಅನ್ನಬೇಕಲ್ರಿ? ನನ್ನ ಹೊಟ್ಟೀಲಿಂದ ಬಂದದ್ದು."

ಪೆಟ್ಟಿಗೆಯ ಅಂಚಿನ ಮೇಲೆ ಕೈಯಿಟ್ಟಳು.

"ಈಗೂ ಅನ್ನವಲ್ತು. ನೋಡ್ರಿ. ಸುಮ್ನ ಕುಂತೀನಿ."

"ಭಾಳ ವರ್ಷ ಆತವಾ" ಎಂದ ಅಜ್ಜ.

"ನಿಮ್ಮನ್ನ ಕೇಳಲಿಲ್ಲ ಭಾವಾರ." ಮಾತು ಜೋರಾಗಿರಲಿಲ್ಲ. ಮಾಸ್ತರರ ಕಡೆ ತಿರುಗಿದಳು. "ಪುಡಿ ಮಾಡತೀರಂತಲ್ಲ? ಹಸನಬಿ ಹೇಳತಿದ್ಲು."

"ಮಾಡೂದಿಲ್ರಿ."

"ಗಾಜಿನ ಪೆಟಗ್ಯಾಗ ಇಡತೀರಿ?"

"ಇಲ್ರಿ. ನೀವ ಹೆಂಗ ಹೇಳತೀರಿ ಹಂಗ."

ಕಳಕವ್ವ ಮೂಲೆಯಲ್ಲಿದ್ದ ಗಡಿಗೆಯನ್ನು ನೋಡಿದಳು, ಪೆಟ್ಟಿಗೆಯನ್ನು ನೋಡಿದಳು. "ಗಡಿಗಿ ನಮ್ಮದಲ್ಲ. ಅದು ಅವರ್ಯಾರದೋ, ನೀವು ಇಟಗೋರಿ. ಕೂಸಷ್ಟ ಕೊಡ್ರಿ." ಆಮೇಲೆ ರೂಪಾಳ ಕಡೆಗೆ ನೋಡಿ, "ನಿನ್ನ ಓದು ಗಡಿಗಿ ಮ್ಯಾಲೂ ಆಗತೈತಲ್ಲ ತಂಗಿ?" ಎಂದಳು. ಕುಹಕವಿರಲಿಲ್ಲ, ನಿಜವಾಗಿಯೂ ಕೇಳಿದ್ದಳು. ರೂಪಾ ಎದ್ದು ಹೊರಗೆ ಹೋದಳು.

ಮಾಸ್ತರರು ಅವತ್ತೇ ಪೇಪರಿನವರಿಗೆ ಫೋನು ಮಾಡಿದರು. ವರದಿಗಾರ ಹುಡುಗ ಮೊದಲು ತಮಾಷೆ ಎಂದುಕೊಂಡ, ಆಮೇಲೆ ಹಾಕುತ್ತೇವೆ ಎಂದ. ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲು ಬಂತು. ಧಾರವಾಡದ ಹಳೆಯ ಗೆಳೆಯರೊಬ್ಬರು ಫೋನಿನಲ್ಲಿ, "ಏನೋ ಮೈಲಾರಿ, ಪಿನ್ನಿನ ಯುಗ ಒಂದು ಹೊಸದಾಗಿ ಕಂಡುಹಿಡಿದೆಯಂತೆ" ಎಂದು ನಕ್ಕರು. ಮಾಸ್ತರರು ಹೌದು ಎಂದು ಫೋನು ಇಟ್ಟರು. ಬೆರಳಿನ ವಿಷಯವನ್ನು ಕಾಲೇಜಿಗೂ ವಿದ್ಯಾರ್ಥಿಗಳಿಗೂ ತಿಳಿಸಿದರು. ಮನೆಯಲ್ಲಿ ಮಹೇಶ್ವರಿಗೆ ಹೇಳಿದಾಗ ಅವರು, "ನನಗ ಗೊತ್ತಿತ್ತು. ನೀವ ಹೇಳತೀರೇನು ಅಂತ ಕಾಯಾಕತ್ತಿದ್ದೆ" ಎಂದು ಅನ್ನ ಬಡಿಸಿದರು.

ಅಗೆತ ಮುಗಿದ ಮೇಲೆ ತೆಗೆದ ಗುಂಡಿಯನ್ನು ಮುಚ್ಚಿಯೇ ಹೊಲವನ್ನು ಒಡೆಯರಿಗೆ ಒಪ್ಪಿಸಬೇಕು. ಅದು ಕೆಲಸದ ಪದ್ಧತಿ. ಸೋಮವಾರ ಪೆಟ್ಟಿಗೆ ಲ್ಯಾಬಿಗೆ ಹೋಗುವ ಬದಲು ಗುಂಡಿಯ ದಂಡೆಗೆ ಬಂತು. ಕಳಕವ್ವ ಮನೆಯಿಂದ ಒಗೆದ ಬಿಳಿ ಅರಿವೆ ತಂದಿದ್ದಳು. ಮಾಳಿಂಗರಾಯಜ್ಜ ದೂರ ನಿಂತು ಹೇಳಿದ:

"ತಾಯಿ ಇರಬಾರ್ದವಾ. ನೀ ಮನೀಗೆ ನಡಿ. ನಾವ ಇಟ್ಟ ಬರತೀವಿ."

"ಎಲುಬ ಒಂದೊಂದ ನೋಡೀನಿ ಭಾವಾರ. ಇನ್ನ ನೋಡಬಾರದ್ದು ಏನ ಉಳದೈತಿ?"

ಅಜ್ಜನಿಗೆ ಗುಂಡಿಗೆ ಇಳಿಯಲು ಆಗುತ್ತಿರಲಿಲ್ಲ. ಮಾಸ್ತರರು ಇಳಿದರು. ಕಳಕವ್ವ ಅರಿವೆಯಲ್ಲಿ ಸುತ್ತಿದ ಗಂಟನ್ನು ಬಗ್ಗಿ ಕೊಟ್ಟಳು. ಭಾರವಿರಲಿಲ್ಲ. ಗಡಿಗೆ ಇದ್ದ ತಗ್ಗಿನಲ್ಲಿಯೇ ಇಟ್ಟರು. ಯಾರೂ ಮಂತ್ರ ಹೇಳಲಿಲ್ಲ, ಅದಕ್ಕೆ ಮಂತ್ರವಿಲ್ಲ. ಮೊದಲ ಬುಟ್ಟಿ ಮಣ್ಣನ್ನು ರೂಪಾ ತಂದಳು. ಎರಡು ದಿನ ಮಾಸ್ತರರೊಡನೆ ಮಾತು ಬಿಟ್ಟಿದ್ದಳು. ಮಣ್ಣನ್ನು ಮೇಲಿನಿಂದ ಸುರಿಯದೆ, ಮೊಣಕಾಲೂರಿ ಕೈಯಿಂದ ಜಾರಿಸಿದಳು.

ಹುಡುಗರೆಲ್ಲ ಸೇರಿದರು. ಬಿಸಿಲು ಇಳಿಯುವ ಹೊತ್ತಿಗೆ ಗುಂಡಿ ಹೊಲದ ಮಟ್ಟಕ್ಕೆ ಬಂತು. ಹಸನಬಿ ಸಲಿಕೆಯ ಬೆನ್ನಿನಿಂದ ಸಮ ಮಾಡಿದಳು. ಕಳಕವ್ವ ಅಷ್ಟು ಹೊತ್ತೂ ದಂಡೆಯ ಮೇಲೆ ಕುಳಿತಿದ್ದಳು. ಅಳಲಿಲ್ಲ. ಒಮ್ಮೆ ನೀರು ಕುಡಿದಳು.

ಮಾಸ್ತರರು ಕೇಳಿದರು: "ಗುರ್ತಿಗೆ ಒಂದ ಕಲ್ಲರ ಇಡೂನೇನ್ರಿ ಅಕ್ಕಾರ?"

"ಯಾರ ಗುರ್ತಿಗ್ರಿ? ಬ್ಯಾಡ. ನನಗ ಗೊತ್ತಾತಲ್ಲ."

ಎದ್ದು ಸೀರೆಗೆ ಹತ್ತಿದ ಮಣ್ಣು ಕೊಡವಿದಳು. ಖಾಲಿ ರೊಟ್ಟಿ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು, ಇನ್ನೂ ನಿಂತೇ ಇದ್ದ ಅಜ್ಜನಿಗೆ ಹೇಳಿದಳು:

"ನಡೀರಿ ಭಾವಾರ. ಎಮ್ಮಿ ಹಿಂಡೂ ಹೊತ್ತಾತು."